ಗೊರವಂಕಗಳು ನಿಂಬೆವ್ವನ ಮಾತು ಕಲಿತದ್ದು

ನಮ್ಮೂರಿನಲ್ಲಿ ಸಭೆ ಸೇರುವುದು ಹುಣ್ಣಿಮೆ ಕಳೆದ ಮಧ್ಯಾಹ್ನ, ತೀರ್ಪು ಬರುವುದು ಮರುದಿನ ಬೆಳಿಗ್ಗೆ. ತೀರ್ಪು ಹೇಳುವುದು ಚಾವಡಿಯ ಜಂತೆಗಳಲ್ಲಿ ಗೂಡು ಕಟ್ಟಿಕೊಂಡಿರುವ ಗೊರವಂಕಗಳು. ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು. ಬೆಳಕು ಹರಿದಾಗ ಹಕ್ಕಿಗಳು ಯಾರ ಮಾತನ್ನು ಎತ್ತಿಕೊಂಡು ಕೂಗುತ್ತವೋ ಅದರಂತೆ ಊರು ನಡೆಯಬೇಕು. ಬೇರೆ ಕಡೆ ಕೈ ಎತ್ತಿಸುತ್ತಾರಂತೆ, ಚೀಟಿ ಹಾಕಿಸುತ್ತಾರಂತೆ. ನಮ್ಮಲ್ಲಿ ಆ ರಗಳೆ ಇಲ್ಲ. ಹಕ್ಕಿಗೆ ಲಂಚ ತಿನ್ನಿಸಲು ಬರುವುದಿಲ್ಲ, ಜಾತಿ ಗೊತ್ತಿಲ್ಲ, ನೆಂಟಸ್ತಿಕೆ ಇಲ್ಲ, ಆದ್ದರಿಂದ ನಮ್ಮಷ್ಟು ನ್ಯಾಯದ ಊರು ಇನ್ನೊಂದಿಲ್ಲ ಎಂದು ನಮ್ಮ ಹಿರಿಯರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಒಂದೇ ತೊಡಕು. ಹಕ್ಕಿಗೆ ತಿರುಳು ಬೇಕಿಲ್ಲ. ತಡವರಿಸದೆ, ಒಂದೇ ಉಸಿರಿನಲ್ಲಿ, ಗಂಟಲು ತುಂಬ ಆಡಿದ ಮಾತು ಅದಕ್ಕೆ ಬೇಕು. ನಮ್ಮ ಅಡಿವೆಪ್ಪ ಕಾಕಾ ಬಾಳೆಗಿಡಕ್ಕೆಂದು ಸಹ ಒಂದು ಗುಂಡಿ ತೋಡಿದವನಲ್ಲ. ಅವನು ಒಂದು ಸಭೆಯಲ್ಲಿ ಎದ್ದು, ಟೊಂಕದ ಮೇಲೆ ಕೈಯಿಟ್ಟು, “ಬಾವಿ ಮೂಡಣಕ್ಕ ತೋಡ್ರಿ, ನೀರು ಅಲ್ಲೇ ಐತಿ” ಎಂದ. ಬೆಳಿಗ್ಗೆ ಹಕ್ಕಿಗಳೆಲ್ಲ ಮೂಡಣಕ್ಕ ಮೂಡಣಕ್ಕ ಎಂದು ಹೊಯ್ಯೋ ಎಂದವು. ತೋಡಿದೆವು. ನೀರಿರಲಿಲ್ಲ. ಈಗ ಅದರೊಳಗೆ ಕುಂಬಳಕಾಯಿ ಇಡುತ್ತೇವೆ, ಚೆನ್ನಾಗಿ ಬಾಳಿಕೆ ಬರುತ್ತವೆ. ಅಡಿವೆಪ್ಪನನ್ನು ಯಾರೂ ಬೈಯಲಿಲ್ಲ. ಇನ್ನೊಮ್ಮೆ ಅವನು ಭಾಷಣದ ನಡುವೆ ಕೆಮ್ಮು ಹತ್ತಿ “ಏ, ಒಂದು ಚರಿಗಿ ನೀರು ತರ್ರಿ” ಎಂದು ಕೂಗಿದ. ಹಕ್ಕಿಗಳು ಅದನ್ನೂ ಬಿಡಲಿಲ್ಲ. ಅಂದಿನಿಂದ ಯಾವುದೇ ವಿಷಯಕ್ಕೆ ಸಭೆ ಸೇರಲಿ, ಮೊದಲು ಅಡಿವೆಪ್ಪನ ಮುಂದೆ ಒಂದು ಚರಿಗೆ ನೀರು ಇಡುವುದು ಕಟ್ಟಳೆಯಾಯಿತು.

ಹೆಂಗಸರು ಚಾವಡಿಯಲ್ಲಿ ಮಾತಾಡಬಾರದೆಂದು ನಮ್ಮೂರಿನಲ್ಲಿ ಯಾರೂ ಎಂದೂ ಹೇಳಿದ್ದಿಲ್ಲ. ಗಂಡಸರು ಅದನ್ನೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ನಮಗಾಗಿ ಎಡಗಡೆಯ ಕಂಬದ ಹತ್ತಿರ ಜಮಖಾನೆಯನ್ನೇ ಹಾಸುತ್ತಿದ್ದರು. ಆದರೆ ಹೆಂಗಸೊಬ್ಬಳು ಎದ್ದು ನಿಂತರೆ ಮೊದಲು ಸೆರಗು ಸರಿಮಾಡಿಕೊಳ್ಳಬೇಕು. ಆಮೇಲೆ ತನಗೆ ಅಷ್ಟೇನೂ ತಿಳಿಯುವುದಿಲ್ಲ ಅನ್ನಬೇಕು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ದೊಡ್ಡವರು ನೀವಿದ್ದೀರಿ ಅನ್ನಬೇಕು. ಇಷ್ಟೆಲ್ಲ ಆಗಿ ವಿಷಯಕ್ಕೆ ಬರುವಷ್ಟರಲ್ಲಿ ಆ ಕಡೆಯಿಂದ ಯಾರೋ ಆಕಳಿಸುತ್ತಿದ್ದರು, ಇವಳ ದನಿ ಕುಗ್ಗುತ್ತಿತ್ತು, ಮೇಲೆ ಹಕ್ಕಿಗಳು ರೆಕ್ಕೆ ಕೆದರಿಕೊಂಡು ಹೇನು ಹೆಕ್ಕುತ್ತ ಕೂರುತ್ತಿದ್ದವು. ಇದಕ್ಕೆ ನಾವು ಹೊಂದಿಕೊಂಡುಬಿಟ್ಟಿದ್ದೆವು. ಹೇಳಬೇಕಾದ್ದನ್ನು ಒಲೆಯ ಮುಂದೆ ಗಂಡನಿಗೋ ಅಣ್ಣನಿಗೋ ಹೇಳಿ ಕಳಿಸುತ್ತಿದ್ದೆವು. ಅವನು ಚಾವಡಿಗೆ ಹೋಗಿ ಅದನ್ನೇ ತನ್ನ ಮಾತೆಂದು ಗುಡುಗುತ್ತಿದ್ದ. ನಮ್ಮೂರಿನಲ್ಲಿ ಹೆಣ್ಣು ಕೊಡುವಾಗ ಹುಡುಗನ ಹೊಲ ಎಷ್ಟು ಎಂದು ಕೇಳುವ ಮೊದಲು ಹುಡುಗನ ಗಂಟಲು ಹೇಗಿದೆ ಎಂದು ಕೇಳುತ್ತಿದ್ದದ್ದು ಇದಕ್ಕೇ.

ನನ್ನ ಚಿಗವ್ವ ನಿಂಬೆವ್ವನಿಗೆ ಅಂಥ ಗಂಟಲೊಂದು ಮನೆಯಲ್ಲಿರಲಿಲ್ಲ. ಅವಳು ನಮ್ಮ ಅವ್ವನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡಿದ್ದ. ಶ್ಯಾವಿಗೆ, ಹಪ್ಪಳ, ಸಂಡಿಗೆ ಮಾಡಿ ಮಾರಿ ಬದುಕುತ್ತಿದ್ದಳು. ಅವಳಿಗೆ ಬಾಯಿರಲಿಲ್ಲ ಎಂದು ಯಾರಾದರೂ ತಿಳಿದರೆ ಅದು ಶುದ್ಧ ಸುಳ್ಳು. ಅಂಗಳದಲ್ಲಿ ಸಂಡಿಗೆ ಒಣಹಾಕಿ ಅವಳು ಒಮ್ಮೆ “ಹಾ!” ಎಂದರೆ ಕಾಗೆಗಳು ಆ ಓಣಿಯನ್ನೇ ಬಿಟ್ಟು ಹೋಗುತ್ತಿದ್ದವು. ಗೋಧಿ ಮಾರುವವನು ತೂಕದಲ್ಲಿ ಒಂದು ಹಿಡಿ ಕಡಿಮೆ ಮಾಡಿದರೆ ಅವನ ಮೂರು ತಲೆಮಾರನ್ನು ಎಳೆದು ಬಿಸಿಲಿಗೆ ಹಾಕುತ್ತಿದ್ದಳು. ಆದರೆ ಚಾವಡಿಯ ಮೆಟ್ಟಿಲು ಹತ್ತಿದರೆ ಅವಳೇ ಬೇರೆ. ಸಭೆಯ ದಿನ ನಾನು ಅವಳ ಪಕ್ಕ ಕೂತಾಗ ಅವಳು ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ತಿರುಗಿ ನೋಡಬೇಕಾಗುತ್ತಿತ್ತು.

ಶ್ಯಾವಿಗೆ ಹೊಸೆಯಲು ಅವಳ ಜೊತೆಗೆ ಬರುತ್ತಿದ್ದ ನೀಲವ್ವ ಎಂಬವಳು ಪರವೂರಿನವಳು. ಗಂಡ ಸತ್ತಾಗ ಬಸುರಿಯಾಗಿದ್ದಳು. ಅತ್ತೆಮನೆಯವರ ಮೇಲೆ ಮುನಿಸಿಕೊಂಡು ನಮ್ಮೂರಿಗೆ ಬಂದು ಹೆತ್ತಳು. ಕೂಸು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಜ್ವರ ಬಂದು ನೀಲವ್ವನೂ ಹೋದಳು. ಹೆಣ ಎತ್ತಿದ ದಿನ ಚಿಗವ್ವ ಯಾರನ್ನೂ ಕೇಳದೆ ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು, ಯಾರೂ ಬೇಡ ಅನ್ನಲಿಲ್ಲ. ಕೂಸಿನ ಹೆಸರು ಕಸ್ತೂರಿ. ಅವಳು ಚಿಗವ್ವನನ್ನೇ ಅವ್ವ ಎಂದಳು. ಒಣಹಾಕಿದ ಶ್ಯಾವಿಗೆಯನ್ನು ಹಸಿಹಸಿಯಾಗೇ ಮುರಿದು ತಿಂದು ಬೈಸಿಕೊಂಡಳು, ಚಿಗವ್ವನ ಸೀರೆಯ ಚುಂಗು ಹಿಡಿದುಕೊಂಡೇ ಸಂತೆ ಸುತ್ತಿದಳು. ಕೂಸು ಬಂದಮೇಲೆ ಚಿಗವ್ವ ಮೈ ಕೈ ತುಂಬಿಕೊಂಡಳು. ಸಿಟ್ಟು ಮಾತ್ರ ಹಾಗೇ ಇತ್ತು.

ಕಸ್ತೂರಿಗೆ ಐದು ತುಂಬಿ ಹಲ್ಲು ಬೀಳುತ್ತಿದ್ದಾಗ ಪರಸಪ್ಪ ಬಂದ. ನೀಲವ್ವನ ಗಂಡನ ಅಣ್ಣ, ಕಸ್ತೂರಿಗೆ ದೊಡ್ಡಪ್ಪ. ಅವನನ್ನು ಕೆಟ್ಟವನೆಂದು ಹೇಳಿಬಿಟ್ಟರೆ ನನಗೆ ಕಥೆ ಸಲೀಸು, ಆದರೆ ಅವನು ಹಾಗಿರಲಿಲ್ಲ. ಒಂದು ಪೆಂಟೆ ಬೆಲ್ಲ ತಂದಿದ್ದ. ಕೂಸಿನ ಮೂಗನ್ನು ತನ್ನ ಧೋತರದ ತುದಿಯಿಂದಲೇ ಒರೆಸಿದ. ನೀಲವ್ವ ತೀರಿದ್ದು ಈಚೆಗೆ ತಿಳಿಯಿತು, ಹಾಸಿಗೆ ಹಿಡಿದ ತನ್ನ ತಾಯಿ ಸತ್ತ ಮಗನ ಕುಡಿಯನ್ನು ಕಣ್ಣಾರೆ ಕಾಣಬೇಕೆಂದು ದಿನಾ ಅಳುತ್ತಾಳೆ ಎಂದ. ಚಿಗವ್ವ ಅವನಿಗೆ ಊಟ ಹಾಕಿದಳು. ಊಟವಾದ ಮೇಲೆ ಅವನು ಕೈ ತೊಳೆದುಕೊಂಡು, “ಕೂಸಿನ್ನ ಕರಕೊಂಡು ಹೋಗಾಕ ಬಂದೀನಿ” ಎಂದ. ಅವಳ ಬಾಯಿಂದ ಹೊರಟ ಬೈಗುಳ ಕೇಳಿ ಓಣಿಗೆ ಓಣಿಯೇ ಬಾಗಿಲಿಗೆ ಬಂತು. ಪರಸಪ್ಪ ಸಮಾಧಾನದಿಂದ ಚಪ್ಪಲಿ ಮೆಟ್ಟಿ ಚಾವಡಿಗೆ ಹೋಗಿ, ತನ್ನ ವಿಷಯ ಈ ಹುಣ್ಣಿಮೆಗೆ ತೆಗೆದುಕೊಳ್ಳಬೇಕೆಂದು ಹೇಳಿ ಬಂದ.

ಕೂಸಿನ ವಿಷಯದಲ್ಲಿ ನಮ್ಮ ಕಟ್ಟಳೆ ಬಿಗಿ. ಬೇಕೆನ್ನುವವರು ತಾವೇ ಎದ್ದು ಕೇಳಬೇಕು, ಇನ್ನೊಬ್ಬರ ಗಂಟಲು ನಡೆಯುವುದಿಲ್ಲ. ನಮ್ಮಪ್ಪ ತಾನು ಹೇಳುತ್ತೇನೆಂದರೂ ಆಗುವ ಹಾಗಿರಲಿಲ್ಲ. ಹಾಗಾಗಿ ಅವ್ವ ದಿನಾ ಮಧ್ಯಾಹ್ನ ಚಿಗವ್ವನ ಅಂಗಳಕ್ಕೆ ಹೋಗಿ ಅವಳಿಗೆ ಮಾತು ಕಲಿಸತೊಡಗಿದಳು. ಜೊತೆಗೆ ನಾನೂ ಇರುತ್ತಿದ್ದೆ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ, ಊರಿನವರು ನನ್ನನ್ನು ಬಜಾರಿ ಎಂದು ಕರೆಯಲು ಶುರುಮಾಡಿರಲೂ ಇಲ್ಲ.

“ಒಂದ ಮಾತು ಸಾಕು ನಿಂಬೀ,” ಎಂದಳು ಅವ್ವ. “ಉದ್ದ ಮಾಡಬ್ಯಾಡ. ಕೂಸು ನಂದು, ನನ್ನ ಹತ್ರನ ಇರತೈತಿ. ಇಷ್ಟ ಹೇಳು, ಕುಂದುರು.”

“ಕೂಸು ನಂದು, ನನ್ನ ಹತ್ರನ ಇರತೈತಿ!” ಎಂದಳು ಚಿಗವ್ವ, ಶ್ಯಾವಿಗೆ ಹಿಟ್ಟನ್ನು ಗುದ್ದುತ್ತ. ಹಕ್ಕಿ ಹಾಗಿರಲಿ, ಅಂಗಳದ ಬೇವಿನ ಮರವೇ ಕಲಿತುಕೊಳ್ಳಬೇಕು, ಅಂಥ ದನಿ.

“ಹಾಂ, ಹಿಂಗ. ಅಲ್ಲಿನೂ ಹಿಂಗ ಹೇಳು.”

“ಹೇಳ್ತೀನಿ ತಗೊ. ಕೇಳಾಕೇನ ನಂಗ ಅಂಜಿಕಿ?” ಎಂದು ಚಿಗವ್ವ ನಕ್ಕಳು. ಕಸ್ತೂರಿಯೂ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿ, ಮುಂದಿನ ಹಲ್ಲಿಲ್ಲದ ಬಾಯಿಂದ ಅದನ್ನೇ ಹೇಳುತ್ತ ಅಂಗಳದ ತುಂಬ ಕುಣಿದಳು. ನಮಗೆ ಯಾರಿಗೂ ಸಂಶಯ ಉಳಿಯಲಿಲ್ಲ. ನಾವು ಅವಳಿಗೆ ಆ ಒಂದು ಮಾತನ್ನು ಎಷ್ಟು ಚೆನ್ನಾಗಿ ಹೇಳಬೇಕೆಂದು ಕಲಿಸಿದೆವು, ಅದಕ್ಕೆ ಮೊದಲು ಏನನ್ನು ಹೇಳಬಾರದು ಎಂಬುದನ್ನು ಕಲಿಸಲಿಲ್ಲ. ಹೊಳೆಯಲೇ ಇಲ್ಲ. ಚಾವಡಿಯಲ್ಲಿ ಎದ್ದ ಹೆಂಗಸು ಮೊದಲಿಗೆ ಆಡುವ ಆ ಮಾತುಗಳನ್ನು ನಮ್ಮಲ್ಲಿ ಯಾರೂ ಮಾತೆಂದು ಎಣಿಸಿರಲಿಲ್ಲ. ಒಳಗೆ ಹೋಗುವ ಮೊದಲು ಚಪ್ಪಲಿ ಕಳಚುವ ಹಾಗೆ ಅದು, ಕಾಲು ತಾನೇ ಮಾಡುತ್ತದೆ.

ಸಭೆಗೆ ಕೂಸನ್ನೂ ಕರೆತರಬೇಕೆಂದು ಹೇಳಿಕಳಿಸಿದ್ದರು. ಅವ್ವ ಕಸ್ತೂರಿಯ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು. ಚಾವಡಿ ತುಂಬಿತ್ತು. ಅಡಿವೆಪ್ಪನ ಮುಂದೆ ಚರಿಗೆ ನೀರು ಇಟ್ಟರು. ಯಜಮಾನ ಚನವೀರಪ್ಪ ವಿಷಯ ಎತ್ತಿದ. ಮೊದಲು ಪರಸಪ್ಪ ಎದ್ದ. “ನಮ್ಮ ಮನಿ ಕೂಸು, ನಮ್ಮ ಮನ್ಯಾಗ ಬೆಳೀಬೇಕು” ಎಂದ. ಅಷ್ಟೇ. ಊರಿನ ಗಂಡಸರು ತಲೆದೂಗಿದರು. ಅವನು ಹೇಳಿದ್ದು ಸರಿಯೆಂದಲ್ಲ, ಹೇಳಿದ ಬಗೆ ಅವರಿಗೆ ಹಿಡಿಸಿತ್ತು. ಮೇಲೆ ಕೆಲವು ಹಕ್ಕಿಗಳು ಕತ್ತು ಓರೆ ಮಾಡಿದವು.

“ನಿಂಬೆವ್ವ, ನಿಂದೇನು?” ಎಂದ ಚನವೀರಪ್ಪ.

ಚಿಗವ್ವ ಏಳಲು ಹೋದಳು. ಕಸ್ತೂರಿ ಅವಳ ತೊಡೆಯ ಮೇಲೆ ಅಂಟಿಕೊಂಡು ಕೂತಿದ್ದರಿಂದ ಅರ್ಧ ಎದ್ದು ಮತ್ತೆ ಕುಸಿದಳು. ಕೂತೇ ಹೇಳಲೆಂದು ಯಾರೋ ಅಂದರು. ಅವಳು ಸೆರಗು ಎಳೆದುಕೊಂಡಳು. ಇಡೀ ಚಾವಡಿ ಅವಳ ಕಡೆ ತಿರುಗಿತು. ಅವ್ವ ಹಿಂದಿನಿಂದ ಅವಳ ಬೆನ್ನನ್ನು ತಿವಿದಳು. ಆಗ ಚಿಗವ್ವ ಸ್ಪಷ್ಟವಾದ ಗಟ್ಟಿ ದನಿಯಲ್ಲಿ, ಒಂದೇ ಉಸಿರಿಗೆ, ಎಲ್ಲೂ ಎಡವದೆ, “ನಾ ಏನ್ ಹೇಳ್ಲಿ, ದೊಡ್ಡವ್ರು ನೀವದೀರಿ, ನೀವು ಹೆಂಗ ಹೇಳ್ತೀರಿ ಹಂಗ” ಎಂದಳು.

ಅದಾದ ಮೇಲೆ ಅವಳ ತುಟಿಗಳು ಇನ್ನೂ ಆಡಿದವು. ಪಕ್ಕದಲ್ಲೇ ಕೂತಿದ್ದ ನನಗೆ ಅದು ಕಾಣಿಸಿತು. ಏನಂದಳೋ ಕೇಳಿಸಲಿಲ್ಲ, ಏಕೆಂದರೆ ಅಷ್ಟರಲ್ಲಿ ಅಡಿವೆಪ್ಪ, “ಶಾಣ್ಯಾಕಿ ನೋಡು ನಿಂಬೆವ್ವ! ಹಿಂಗ ಇರಬೇಕು ಹೆಣಮಕ್ಳಂದ್ರ” ಎಂದು ಮೆಚ್ಚಿಗೆಯಿಂದ ತೊಡೆ ತಟ್ಟಿದ್ದ. ಚನವೀರಪ್ಪ ಮುಂದಿನ ವಿಷಯಕ್ಕೆ ಹೋದ.

ಮನೆಗೆ ಬರುವ ದಾರಿಯಲ್ಲಿ ಅವ್ವ ತಡೆಯಲಾರದೆ ಕೇಳಿದಳು. “ನೀ ಹೇಳ್ಲೇ ಇಲ್ಲಲ್ಲ ನಿಂಬೀ?”

“ಹೇಳಿದ್ನೆಲ್ಲವಾ,” ಎಂದಳು ಚಿಗವ್ವ, ಆಶ್ಚರ್ಯದಿಂದ. “ಕೂಸು ನಂದು ಅಂದೆ. ನೀ ಹೇಳಿಕೊಟ್ಟಂಗನ ಅಂದೆ. ನಿನಗ ಕೇಳಿಸ್ಲಿಲ್ಲೇನು?”

ಅವ್ವ ನನ್ನ ಮುಖ ನೋಡಿದಳು. ಹಕ್ಕಿಗೆ ಕೇಳಿಸಿದ್ದರೆ ಸಾಕು ಎಂದು ಮನಸ್ಸಿನಲ್ಲೇ ಅಂದುಕೊಂಡೆವು.

ಬೆಳಿಗ್ಗೆ ಚಾವಡಿಯ ಮುಂದೆ ಜನ ನೆರೆದಿತ್ತು. ಹೆಂಗಸರು ಕೊಡ ಹಿಡಿದುಕೊಂಡೇ ನಿಂತಿದ್ದರು. ಬಿಸಿಲು ಜಂತೆಗೆ ಬಿದ್ದೊಡನೆ ಮೊದಲ ಗೊರವಂಕ ಬಾಯಿ ಬಿಟ್ಟಿತು, ಮತ್ತು ಬಾಯಿ ಬಿಟ್ಟಿದ್ದು ಹೆಣ್ಣುದನಿಯಲ್ಲಿ. ಹೆಂಗಸರ ಗುಂಪಿನಲ್ಲಿ “ಅಯ್ಯಯ್ಯ!” ಎಂಬ ಸಂತೋಷದ ಕೂಗು ಎದ್ದಿತು. ನಮ್ಮ ಕಾಲದಲ್ಲಿ ಒಬ್ಬ ಹೆಂಗಸಿನ ದನಿಯನ್ನು ಹಕ್ಕಿ ಎತ್ತಿಕೊಂಡಿದ್ದು ಅದೇ ಮೊದಲು. ಯಾರೋ ಚಿಗವ್ವನನ್ನು ತಬ್ಬಿಕೊಂಡರು. ಅವಳೂ ನಗುತ್ತಿದ್ದಳು. ಹೌದು, ಅದು ಅವಳದೇ ದನಿ, ಸ್ವಲ್ಪ ಒಡಕು, ಸ್ವಲ್ಪ ಖಾರ. ಆಮೇಲೆ ಎರಡನೇ ಹಕ್ಕಿ, ಮೂರನೇ ಹಕ್ಕಿ, ಇಡೀ ಸೂರು ಸೇರಿಕೊಂಡಿತು. ಮಾತು ತಿಳಿಯಾಗಿ ಕೇಳಿತು. “ದೊಡ್ಡವ್ರು ನೀವದೀರಿ! ನೀವು ಹೆಂಗ ಹೇಳ್ತೀರಿ ಹಂಗ! ನೀವು ಹೆಂಗ ಹೇಳ್ತೀರಿ ಹಂಗ!”

ನಾನು ಎಷ್ಟೋ ವರ್ಷ ಹಕ್ಕಿಗಳನ್ನು ಬೈದಿದ್ದೇನೆ, ಕಲ್ಲೂ ಎಸೆದಿದ್ದೇನೆ. ಆದರೆ ಅವುಗಳದೇನು ತಪ್ಪು? ಹುಟ್ಟಿದಾಗಿನಿಂದ ಆಡಿ ಆಡಿ ನಮ್ಮ ನಾಲಿಗೆಯಲ್ಲಿ ಪಳಗಿದ್ದ ಮಾತು ಅದೊಂದೇ. ಅದರಲ್ಲಿ ತಡವರಿಕೆ ಎಲ್ಲಿಂದ ಬರಬೇಕು? ಬೇಕು ಎನ್ನುವುದನ್ನು ಅವಳು ವಾರವಿಡೀ ಕಲಿತಿದ್ದಳು, ನೀವು ಹೇಳಿದ ಹಾಗೆ ಎನ್ನುವುದನ್ನು ಹುಟ್ಟಾ ಕಲಿತಿದ್ದಳು.

ಚಿಗವ್ವ ಜನರನ್ನು ಸೀಳಿಕೊಂಡು ಚನವೀರಪ್ಪನ ಮುಂದೆ ಹೋಗಿ ನಿಂತಳು. “ಅಲ್ರೀ ಯಜಮಾನ್ರ, ನಾ ಹಂಗಂದಿಲ್ಲ. ಅಂದ್ರ, ಅಂದೆ, ಆದ್ರ ಅದಲ್ಲ ನಾ ಅಂದಿದ್ದು.”

“ನಿಂದ ದನಿ ಐತೆಲ್ಲವಾ,” ಎಂದ ಚನವೀರಪ್ಪ. ಅವನಿಗೂ ಅದು ಹಿತವಾಗಿರಲಿಲ್ಲ, ತಲೆ ಕೆರೆದುಕೊಳ್ಳುತ್ತಿದ್ದ. “ನೀನ ನಮಗ ಬಿಟ್ಟಿ. ನಾವೇನ ಮಾಡೂಣು? ನಾ ಕೇಳಿದ್ದು ಪರಸಪ್ಪ ಕೂಸು ಬೇಕಂದಿದ್ದು. ನೀ ಬೇಕಂದಿದ್ದು ನಾ ಕೇಳ್ಲಿಲ್ಲ. ಇಲ್ಲಿ ಯಾರರ ಕೇಳೀರೇನ್ರಪಾ?”

ಕೇಳಿದೆ ಎನ್ನುವವರು ಸಿಗದೆ, ಕೂಸು ಪರಸಪ್ಪನದೆಂದಾಯಿತು. ಹಕ್ಕಿ ಹೇಳಿಯಾದ ಮೇಲೆ ಮುಂದಿನ ಹುಣ್ಣಿಮೆಯವರೆಗೆ ಚಾವಡಿಯಲ್ಲಿ ಯಾರ ಮಾತೂ ನಡೆಯುವುದಿಲ್ಲ, ಪರಸಪ್ಪನ ಗಾಡಿಯ ಎತ್ತುಗಳಿಗೆ ಆಗಲೇ ಮೇವು ಹಾಕಿಯಾಗಿತ್ತು. ಚಿಗವ್ವ ಕಸ್ತೂರಿಯ ಲಂಗಗಳನ್ನು ಮಡಚಿ ಗಂಟು ಕಟ್ಟಿದಳು, ಒಂದು ಡಬ್ಬಿ ಶ್ಯಾವಿಗೆ ಕೊಟ್ಟಳು. ಹಾಲು ಕಾಯಿಸುವಾಗ ಬೆಲ್ಲ ಆಮೇಲೆ ಹಾಕಬೇಕು, ಇಲ್ಲದಿದ್ದರೆ ಒಡೆಯುತ್ತದೆ, ಒಡೆದ ಹಾಲು ಅವಳು ಕುಡಿಯುವುದಿಲ್ಲ ಎಂದು ಪರಸಪ್ಪನಿಗೆ ಎರಡೆರಡು ಸಲ ಹೇಳಿದಳು. ಕೂಸು ಗಾಡಿ ಹತ್ತುವ ಸಂಭ್ರಮದಲ್ಲಿತ್ತು. ಓಣಿಯ ತಿರುವಿನಲ್ಲಿ ತನ್ನ ಅವ್ವ ಜೊತೆಗೆ ಬರುತ್ತಿಲ್ಲ ಎಂದು ತಿಳಿದಾಗ ಅವಳು ಅತ್ತ ಅಳು ನಮ್ಮ ಮನೆಯವರೆಗೂ ಕೇಳಿಸಿತು. ಚಿಗವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಂದಿನಿಂದ ಕಾಗೆ ಓಡಿಸುವುದನ್ನು ಬಿಟ್ಟಳು, ಸಂಡಿಗೆಯಲ್ಲಿ ಅವುಗಳದೂ ಒಂದು ಪಾಲಾಯಿತು.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಗೊರವಂಕಗಳಿಗೆ ಅದು ಬಹಳ ಇಷ್ಟವಾಗಿಬಿಟ್ಟಿತು. ಮರಿಗಳಿಗೂ ಕಲಿಸಿದವು. ಗಂಡಸರಿಗೂ ಅನುಕೂಲವಾಯಿತೆನ್ನಿ. ಯಾವುದೋ ತಕರಾರು ಬಗೆಹರಿಯದೆ ಹಕ್ಕಿಗಳು ಗೊಂದಲದಲ್ಲಿದ್ದರೆ, ಒಂದಾದರೂ ಚಿಗವ್ವನ ದನಿಯಲ್ಲಿ ಅದನ್ನು ಕೂಗುತ್ತಿತ್ತು. ಹಿರಿಯರು ತಮಗೆ ಬೇಕಾದಂತೆ ಮಾಡುತ್ತಿದ್ದರು. ಹೆಣ್ಣಿನ ಮಾತಿಗೆ ನಮ್ಮೂರಿನಲ್ಲಿ ಎಷ್ಟು ಬೆಲೆ ನೋಡಿ ಎಂದು ಬಂದವರಿಗೆ ತೋರಿಸುತ್ತಲೂ ಇದ್ದರು. ಚಿಗವ್ವ ಚಾವಡಿಯ ಬೀದಿಯನ್ನೇ ಬಿಟ್ಟಳು. ಸಂತೆಗೆ ಹೋಗಬೇಕಾದರೆ ಹಳ್ಳದ ಕಡೆಯಿಂದ ಸುತ್ತುಹಾಕಿ ಹೋಗುತ್ತಿದ್ದಳು. ನಾನು ಮಾತ್ರ ಚಾವಡಿಗೆ ಹೋಗಿ ಸೆರಗು ಸರಿಮಾಡಿಕೊಳ್ಳದೆ, ಯಾವ ಪೀಠಿಕೆಯೂ ಇಲ್ಲದೆ ಮಾತಾಡತೊಡಗಿದೆ. ಹಕ್ಕಿಗಳು ನನ್ನ ಮಾತನ್ನು ಆಗೀಗ ಎತ್ತಿಕೊಳ್ಳುತ್ತವೆ. ಬಜಾರಿ ಎಂಬ ಹೆಸರು ಬಂದದ್ದು ಆಗಲೇ, ನನಗೆ ಅದರ ಬೇಜಾರಿಲ್ಲ. ಆದರೆ ಚಿಗವ್ವನಿಗೆ ಅದರಿಂದ ಏನು ಬಂತು?

ಕಸ್ತೂರಿ ಮತ್ತೆ ನಮ್ಮೂರಿಗೆ ಬಂದದ್ದು ಮದುವೆಗೆ ಕರೆಯಲು. ಆಗ ಅವಳು ನನ್ನ ಭುಜಕ್ಕಿಂತ ಎತ್ತರವಾಗಿದ್ದಳು, ಹಲ್ಲೆಲ್ಲ ಸಾಲಾಗಿ ಬಂದಿದ್ದವು. ಜೊತೆಗೆ ಬಂದಿದ್ದ ಅವಳ ದೊಡ್ಡವ್ವ ನಮ್ಮ ಮನೆಯಲ್ಲೇ ಉಳಿದಳು, ಕಸ್ತೂರಿ ನನ್ನೊಡನೆ ಚಿಗವ್ವನ ಅಂಗಳಕ್ಕೆ ಬಂದಳು. ಅಕ್ಷತೆ ಕೊಟ್ಟು, ಕಾಲುಮುಟ್ಟಿ, “ನಿಂಬೆವ್ವಾರ, ಲಗ್ನಕ್ಕ ನೀವು ಬರಬೇಕ್ರಿ” ಎಂದಳು. ಚಿಗವ್ವ ಹೂಂ ಅಂದಳು. ಶ್ಯಾವಿಗೆ ಬಸಿದು, ಹಾಲು ಬೆಲ್ಲ ಹಾಕಿ ತಂದಿಟ್ಟಳು. ಕಸ್ತೂರಿ ತಟ್ಟೆ ಮುಟ್ಟಲಿಲ್ಲ. ಮನೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿದಳು.

“ಒಂದು ಮಾತು ಕೇಳ್ಲೇನ್ರಿ?” ಎಂದಳು. “ದೊಡ್ಡಪ್ಪ ನನ್ನ ಚಲೋ ನೋಡಿಕೊಂಡಾನ, ನನಗೇನೂ ಕಡಿಮಿ ಮಾಡಿಲ್ಲ. ಆದ್ರ ಅವತ್ತ ಚಾವಡ್ಯಾಗ ನೀವು ನನ್ನ ಬ್ಯಾಡ ಅಂದ್ರಿ. ಯಾಕಂತ ಯಾರೂ ಹೇಳ್ಲಿಲ್ಲ ನನಗ. ನಾ ಏನರ ತ್ರಾಸ ಕೊಟ್ಟಿದ್ನೇನು?”

ಚಿಗವ್ವನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಅಲ್ಲೇ ನಿಂತಿತು. “ನಾ ಏನ್ ಹೇ...” ಎಂದು ಶುರುಮಾಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಹಲ್ಲುಕಚ್ಚಿ ಅದನ್ನು ನುಂಗಿಕೊಂಡಳು. ಮಿಳ್ಳೆಯನ್ನು ಕೆಳಗಿಟ್ಟಳು. ಆಮೇಲೆ ಎಷ್ಟೋ ವರ್ಷಗಳಿಂದ ನಾವು ಕೇಳಿಯೇ ಇರದ ದನಿಯಲ್ಲಿ, ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕುವ ಹಾಗೆ, “ಬ್ಯಾಡ ಅನ್ಲಿಲ್ಲ! ಬೇಕಂದೆ! ಕೂಸು ನಂದು, ನನ್ನ ಹತ್ರನ ಇರತೈತಿ ಅಂದೆ!” ಎಂದಳು.

ನಂಬಬೇಕೆಂಬ ಆಸೆ ಕಸ್ತೂರಿಯ ಮುಖದಲ್ಲಿ ಕಾಣುತ್ತಿತ್ತು.

“ನಾ ನಿನ್ನ ತೊಡಿ ಮ್ಯಾಲ ಕುಂತಿದ್ದೆ, ಅವ್ವ,” ಎಂದಳು. “ನನಗೂ ಕೇಳಿಸ್ಲಿಲ್ಲ.”